ಅಣ್ಣ ತರಬೇಕಾದ ಬಟ್ಟೆ

ಅಪ್ಪ ಬಟ್ಟೆಯನ್ನು ಕತ್ತರಿಸುತ್ತಿರಲಿಲ್ಲ. ಅಂಚನ್ನು ಹಲ್ಲಿನಿಂದ ಸ್ವಲ್ಪ ಕಚ್ಚಿ, ಎರಡೂ ಕೈಯಲ್ಲಿ ಹಿಡಿದು ಹರಿಯುತ್ತಿದ್ದರು. ಕತ್ತರಿ ಕೈ ಹೋದ ಕಡೆ ಹೋಗುತ್ತದೆ, ಹರಿದರೆ ನೂಲಿನ ಜೊತೆ ನೇರವಾಗಿ ಹೋಗುತ್ತದೆ ಎನ್ನುತ್ತಿದ್ದರು. ಪೋತ್ತನೂರಿನಲ್ಲಿ ರೈಲ್ವೆ ಗೋಡೆಗೆ ಅಂಟಿದಂತಿದ್ದ ನಮ್ಮ ಗೋಡೌನಿನಲ್ಲಿ ಆ ಸದ್ದು ಯಾವಾಗಲೂ ಇರುತ್ತಿತ್ತು. ಶಾಲೆ ಬಿಟ್ಟು ಬಂದು ಬಟ್ಟೆ ಬೇಲುಗಳ ಮೇಲೆ ಕೂತು ಬರೆಯುವಾಗ ಆ ಸದ್ದು ನಿಂತರೆ ನಾನು ತಲೆ ಎತ್ತಿ ನೋಡುತ್ತಿದ್ದೆ.

ಬಿಳಿ ಬಟ್ಟೆಯೇ ಅವರ ವ್ಯಾಪಾರ. ಸೋಮನೂರಿನ ಕಡೆಯ ಪವರ್‌ಲೂಮುಗಳಿಂದ ಕೋರಾ ಬಟ್ಟೆ ತಂದು, ಬಿಳುಪು ಮಾಡಿಸಿ, ಆಸ್ಪತ್ರೆಗಳಿಗೂ ಲಾಡ್ಜುಗಳಿಗೂ ಹಾಸಿಗೆ ಹೊದಿಕೆ ಕೊಡುತ್ತಿದ್ದರು. ಆರ್.ಎಸ್. ಪುರಂನ ಎರಡು ಅಂಗಡಿಗಳಿಗೂ ಅವರದೇ ಮಾಲು. ಸುತ್ತಿಟ್ಟ ಬಟ್ಟೆಯ ಥಾನು ಬಿಚ್ಚುವ ಮೊದಲು ಕೈ ತೊಳೆದು, ಒರೆಸಿ, ಒಣಗಿದೆಯೇ ಎಂದು ಕೆನ್ನೆಗೆ ಮುಟ್ಟಿಸಿಕೊಂಡು ನೋಡುತ್ತಿದ್ದರು. ಈಗ ಯಾರಾದರೂ ಕೆನ್ನೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರೆ ನನಗೆ ಬೇರೆ ಕಡೆ ತಿರುಗಿಕೊಳ್ಳಬೇಕಾಗುತ್ತದೆ.

ಅವರು ಹುಟ್ಟಿದ್ದು ಮಡತ್ತುಕುಳಂ ಹತ್ತಿರದ ಒಂದು ನೇಕಾರರ ಮನೆಯಲ್ಲಿ. ಅಮ್ಮ ಕೊಳ್ಳೇಗಾಲದ ಕಡೆಯ ಕ್ರೈಸ್ತರ ಮನೆಯವಳು, ಇಲ್ಲಿ ನರ್ಸ್ ಕೆಲಸಕ್ಕೆ ಬಂದವಳು. ಇಬ್ಬರ ಮನೆಮಾತೂ ಕನ್ನಡ, ಹತ್ತಿರ ತಂದದ್ದು ಅದೇ. ಮದುವೆಗೆ ಮುಂಚೆ ಅಪ್ಪ ದೀಕ್ಷಾಸ್ನಾನ ತೆಗೆದುಕೊಂಡರು. ಊರಿನಲ್ಲಿ ಜಗಳವೇನೂ ಆಗಲಿಲ್ಲವಂತೆ. ಮಾತು ಮಾತ್ರ ಕಡಿಮೆಯಾಯಿತು. ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ನಮ್ಮ ಮನೆಗೆ ಒಂದು ಸಲವೂ ಬಂದಿರಲಿಲ್ಲ. ಗೇಟಿನ ಒಳಗೆ ನಾವು ಕನ್ನಡ, ಹೊರಗೆ ತಮಿಳು, ಚರ್ಚಿನಲ್ಲೂ ತಮಿಳು. ಕನ್ನಡ ಅಕ್ಷರವನ್ನು ನನಗೆ ಅಮ್ಮ ತನ್ನ ಹಾಡಿನ ಪುಸ್ತಕ ಇಟ್ಟುಕೊಂಡು ಕಲಿಸಿದಳು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಅವರು ಇದ್ದಿದ್ದರೆ ಇದನ್ನೂ ನಾನೇ ಓದಿ ಹೇಳಬೇಕಾಗುತ್ತಿತ್ತು.

ಅಮ್ಮನಿಗೆ ಬೆಳಗಿನ ಡ್ಯೂಟಿ ಇದ್ದಾಗ ಜಡೆ ಹಾಕುವುದು ಅಪ್ಪನ ಕೆಲಸ. ಹಗ್ಗ ಹೊಸೆದಂತೆ ಬಿಗಿಯಾಗಿ ಹಾಕುತ್ತಿದ್ದರು, ಹುಬ್ಬು ಮೇಲೆ ಹೋಗುತ್ತಿತ್ತು. ನೋಯುತ್ತದೆ ಎಂದರೆ, ಸಂಜೆವರೆಗೆ ಬಿಚ್ಚಿಕೊಳ್ಳಬಾರದಲ್ಲ ಕಣ್ಣು, ಎನ್ನುತ್ತಿದ್ದರು. ನನ್ನನ್ನು ಯಾವಾಗಲೂ ಕಣ್ಣು ಎಂದೇ ಕರೆಯುತ್ತಿದ್ದರು, ಈ ಕಡೆ ಎಲ್ಲರೂ ಮಕ್ಕಳನ್ನು ಕರೆಯುವ ಹಾಗೆ.

ಚರ್ಚಿನಲ್ಲಿ ಅವರು ಹಾಡಿದವರಲ್ಲ, ಕಮಿಟಿಯಲ್ಲಿ ಇದ್ದವರೂ ಅಲ್ಲ. ಅಲ್ಲಿ ಯಾರು ಸತ್ತರೂ ಪೆಟ್ಟಿಗೆಯ ಒಳಗೆ ಬಟ್ಟೆ ಹಾಸುವುದು ಅವರ ಸೇವೆ. ತಮ್ಮ ಗೋಡೌನಿನಿಂದಲೇ ಬಟ್ಟೆ ತಂದು, ಹರಿದು, ಅಂಚಿನ ಸುತ್ತ ಸಣ್ಣ ನೆರಿಗೆ ಹಿಡಿದು ಮೊಳೆ ಹೊಡೆಯುತ್ತಿದ್ದರು. ಪೆಟ್ಟಿಗೆ ಮಾಡುತ್ತಿದ್ದ ಬಡಗಿ ಅವರ ಗೆಳೆಯ, ಅದೇ ಚರ್ಚಿನವನು. ಮದುವೆ ಮಂಚಕ್ಕೂ ನೀನು ಇಷ್ಟು ಸಿಂಗಾರ ಮಾಡಲಾರೆ, ಇದನ್ನು ಹುಳ ಬಿಟ್ಟರೆ ನೋಡುವವರು ಯಾರು ಎಂದು ಅವನು ತಮಿಳಿನಲ್ಲಿ ಹಾಸ್ಯ ಮಾಡುತ್ತಿದ್ದ. ಮಲಗಿದವನು ನೋಡುವುದಿಲ್ಲ, ಅವನ ತಾಯಿ ನೋಡುತ್ತಾಳೆ ಎಂದು ಅಪ್ಪ ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಹೇಳುತ್ತಿದ್ದರು.

ಇನ್ನೊಂದು ಪದ್ಧತಿ ಅವರದು. ಮನೆಯಲ್ಲಿ ಪ್ರಾರ್ಥನೆ ಮುಗಿದು ಮುಚ್ಚಳ ಹಾಕಿದ ಮೇಲೂ ಸ್ಕ್ರೂ ಬಿಗಿಯಲು ಬಿಡುತ್ತಿರಲಿಲ್ಲ. ಸಮಾಧಿ ತೋಟದ ಗೇಟಿನವರೆಗೆ ಮುಚ್ಚಳವನ್ನು ಸುಮ್ಮನೆ ಇಟ್ಟು ಕೈ ಒತ್ತಿಕೊಂಡೇ ಬರುತ್ತಿದ್ದರು. ಜಂಕ್ಷನ್ ಊರು ಇದು, ಯಾರದೋ ರೈಲು ತಡವಾಗಿರುತ್ತದೆ, ಬರಲಿ, ಮುಖ ನೋಡಲಿ ಎನ್ನುತ್ತಿದ್ದರು. ಹಾಗೆ ಓಡಿ ಬಂದ ಒಬ್ಬಿಬ್ಬರನ್ನು ನಾನೂ ನೋಡಿದ್ದೇನೆ.

ಹೋದ ವರ್ಷ ಅವರ ಯಕೃತ್ತು ಕೆಟ್ಟಿತು. ಎಂದೂ ಕುಡಿಯದ ಮನುಷ್ಯ. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ ನಡುಮನೆಯಲ್ಲಿ ಮಂಚ ಹಾಕಿದೆವು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಚಮಚವನ್ನು ಕೈಯಿಂದ ತಡೆದು ಅಪ್ಪ ಕೇಳಿದರು:

"ಅಣ್ಣ ಕೋಡಿ ತತ್ತಾನ ಕಣ್ಣು?"

ಕೋಡಿ ಎಂದರೆ ಸತ್ತವರ ಮೇಲೆ ಹೊದಿಸುವ ಹೊಸ ಬಟ್ಟೆ. ಅಪ್ಪ ಹುಟ್ಟಿದ ಮನೆಯ ಕಡೆ ಅದನ್ನು ಒಡಹುಟ್ಟಿದವರೋ, ಬೇರೆ ಮನೆ ಮಾಡಿದ ಮಕ್ಕಳೋ ತರಬೇಕು. ಏನೂ ಆಗಲ್ಲ, ಸುಮ್ನಿರಿ ಅಂದೆ. ಅವರು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಎಷ್ಟೋ ಜನಕ್ಕೆ ನಾನು ಹಾಸಿದೆ, ನನಗೆ ಹೊದಿಸುವುದು ಅವನೇ ಆಗಬೇಕು ಎಂದರು. ಅವರು ನನ್ನಿಂದ ಕೇಳಿದ್ದು ಇದೊಂದೇ. ಅಮ್ಮನಿಗೆ ಹೇಳಿದೆ. ಪಾದ್ರಿಗಳನ್ನೂ ಕೇಳಿದೆ. ಬಟ್ಟೆಗೆ ಯಾವ ಮತ, ತರಲಿ ಅಂದರು.

ಅಪ್ಪ ಹೋದದ್ದು ಬೆಳಕು ಹರಿಯುವಾಗ. ಮೊದಲು ಫೋನ್ ಮಾಡಿದ್ದು ದೊಡ್ಡಪ್ಪನ ಮನೆಗೆ. ಕೋಡಿ ತರಲು ಹೇಳಿ ಎಂದು ಅವರ ಸೊಸೆಗೆ ಹೇಳಿದೆ. ಸ್ವಲ್ಪ ಹೊತ್ತಿಗೆ ಅವಳೇ ತಿರುಗಿ ಮಾಡಿ, ಮಾವ ಆಗಲೇ ಬಸ್ ಹತ್ತಿದರು, ತನ್ನ ಗಂಡ ಲಾರಿಯಲ್ಲಿ ಲೋಡ್ ತೆಗೆದುಕೊಂಡು ಕೇರಳಕ್ಕೆ ಹೋಗಿದ್ದಾನೆ, ಮಾವನ ಹತ್ತಿರ ಫೋನ್ ಇಲ್ಲ ಎಂದಳು. ನನಗೆ ಆ ದುಃಖದಲ್ಲೂ ಒಂದು ಸಮಾಧಾನವಾಯಿತು.

ಬಡಗಿ ಪೆಟ್ಟಿಗೆ ತಂದ. ಒಳಗೆ ಬಟ್ಟೆ ಹಾಸುವವರು ಯಾರೂ ಇರಲಿಲ್ಲ. ನಾನೇ ಹಾಸುತ್ತೇನೆ ಎಂದೆ. ಅಂಚು ಕಚ್ಚಿ ಎಳೆದೆ, ಹರಿಯಲಿಲ್ಲ. ಕತ್ತರಿ ತೆಗೆದುಕೊಂಡೆ, ಬಟ್ಟೆ ಸೊಟ್ಟಗೆ ಹೋಯಿತು. ಅಪ್ಪನ ತಲೆಯ ಕಡೆ ಒಂದು ಕೈಯಗಲ ಮರದ ಹಲಗೆ ಹಾಗೇ ಕಾಣುತ್ತಿತ್ತು. ಬಡಗಿ ಅದನ್ನು ನೋಡಿದ. ಅವನು ಹಾಸ್ಯ ಮಾಡಿದ್ದರೆ ಚೆನ್ನಾಗಿತ್ತು ಅನಿಸಿತು.

ಮಧ್ಯಾಹ್ನ ಕಳೆಯಿತು. ಬೀದಿಗೆ ಅಡ್ಡವಾಗಿ ಶಾಮಿಯಾನ ಹಾಕಿದ್ದರಿಂದ ಒಳಗಿನಿಂದ ಯಾರು ಬರುತ್ತಾರೆ ಎಂದು ಕಾಣುತ್ತಿರಲಿಲ್ಲ. ಕುರ್ಚಿ ಎಳೆದ ಸದ್ದಾದಾಗಲೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದೆ. ಉಡುಮಲೆಯಲ್ಲಿ ಇಳಿದು ಹತ್ತಬೇಕಾದ ಬಸ್ ಸಿಕ್ಕಿರಲಿಕ್ಕಿಲ್ಲ ಎಂದು ಅಮ್ಮ ಅಂದಳು. ಮೋಡ ಕಟ್ಟತೊಡಗಿತು. ಪಾದ್ರಿಗಳು ನನ್ನನ್ನು ಒಂದು ಸಲ ಕೇಳಿದರು, ಇನ್ನೂ ಸ್ವಲ್ಪ ಕಾಯೋಣ ಅಂದೆ. ಎರಡನೆಯ ಸಲ ಅಮ್ಮ ತಲೆಯಾಡಿಸಿದಳು. ಮಳೆ ಬಂದರೆ ಕಷ್ಟ ಎಂದು ಚರ್ಚಿನ ಹುಡುಗರು ಸ್ಕ್ರೂಗಳನ್ನು ಅಲ್ಲೇ ಬಿಗಿದುಬಿಟ್ಟರು. ಅಪ್ಪನ ಪದ್ಧತಿ ಆ ಹೊತ್ತಿನಲ್ಲಿ ಯಾರಿಗೂ ನೆನಪಾಗಲಿಲ್ಲ, ನನಗೂ.

ವ್ಯಾನು ನಿಧಾನವಾಗಿ ಹೊರಟಿತು. ನಾನು, ಅಮ್ಮ ಹಿಂದೆ ನಡೆಯುತ್ತಿದ್ದೆವು. ನಮ್ಮ ಬೀದಿ ತಿರುಗುವ ಕಡೆ ಒಂದು ಬೇವಿನ ಮರ, ಅದರ ಪಕ್ಕದ ಗೋಡೆಗೆ ಅಪ್ಪನ ಫೋಟೋ ಇದ್ದ ಶ್ರದ್ಧಾಂಜಲಿ ಪೋಸ್ಟರ್ ಅಂಟಿಸಿದ್ದರು, ಕಪ್ಪು ಅಂಚಿನದು. ಪೋಸ್ಟರಿನ ಪಕ್ಕದಲ್ಲೇ ದೊಡ್ಡಪ್ಪ ನಿಂತಿದ್ದರು. ತೋಳಿನ ಮೇಲೆ ಮಡಿಸಿದ ಬಿಳಿ ಬಟ್ಟೆ. ಚಪ್ಪಲಿ ಬಿಟ್ಟು ಮರದ ಬುಡದಲ್ಲಿ ಇಟ್ಟಿದ್ದರು. ಗೋಡೆಯ ಮೇಲಿನ ಮುಖಕ್ಕೂ ಅವರ ಮುಖಕ್ಕೂ ವಯಸ್ಸು ಬಿಟ್ಟರೆ ವ್ಯತ್ಯಾಸವಿರಲಿಲ್ಲ.

ಆಗ ಅಪ್ಪನ ತಾಯಿ, ನನ್ನ ಅಜ್ಜಿ, ಸತ್ತ ದಿನ ನೆನಪಾಯಿತು. ನಾನು ಚಿಕ್ಕವಳು. ಅಪ್ಪ ನನ್ನ ಕೈ ಹಿಡಿದುಕೊಂಡು ಊರಿನ ಬೀದಿಯ ಕೊನೆಯಲ್ಲೇ ನಿಂತುಬಿಟ್ಟಿದ್ದರು. ಮನೆ ಕಾಣುತ್ತಿತ್ತು, ಅಳುವುದು ಕೇಳುತ್ತಿತ್ತು, ಹೋಗುತ್ತಿರಲಿಲ್ಲ. ಮನೆಯವರು ತಮಟೆಯೊಂದಿಗೆ ಎದುರು ಬಂದು ಕರೆದ ಮೇಲೆಯೇ ಕೋಡಿ ಹಿಡಿದು ನಡೆದರು. ಎದುರು ಬಂದವರಲ್ಲಿ ಮುಂದೆ ಇದ್ದದ್ದು ಈ ದೊಡ್ಡಪ್ಪ.

"ಯಾವಾಗ ಬಂದ್ರಿ ದೊಡ್ಡಪ್ಪಾ?"

"ಬಿಸ್ಲು ಏರೋ ಮುಂಚೆನೇ ಬಂದೆ ಕಣ್ಣು."

"ಮನೇಗೆ ಬರದಲ್ವ?"

"ಕರೀದೆ ಕೋಡಿ ಎತ್ಕಂಡು ಹೆಂಗೆ ಬರದು? ಎದ್ರು ಬತ್ತೀರ ಅಂತ ನಿಂತಿದ್ದೆ." ಸ್ವಲ್ಪ ತಡೆದು ಅವರೇ ಅಂದರು, "ಅವನ್ಗೆ ಗೊತ್ತು ಅದೆಲ್ಲ."

ನಮ್ಮ ಮನೆಯಲ್ಲಿ ಅದು ಗೊತ್ತಿದ್ದವರು ಅಪ್ಪ ಒಬ್ಬರೇ. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ರಸ್ತೆಯಲ್ಲೇ ಕೂತುಬಿಟ್ಟಳು.

ಸಮಾಧಿ ತೋಟದಲ್ಲಿ ಬಡಗಿ ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆಯ ಹತ್ತಿರ ಬಂದ. ತೆಗೆಯೋಣ, ಅವನೇ ಇದ್ದಿದ್ದರೆ ತೆಗೆಯುತ್ತಿದ್ದ ಎಂದ. ಪಾದ್ರಿಗಳೂ ತಡೆಯಲಿಲ್ಲ. ನಾನು ದೊಡ್ಡಪ್ಪನ ಮುಖ ನೋಡಿದೆ. ಅವರು ಬಡಗಿಯ ಕೈ ಹಿಡಿದುಕೊಂಡರು.

"ಬ್ಯಾಡಪ್ಪ. ಮುಚ್ಚಿದ್ಮೇಲೆ ತಗೀಬಾರ್ದು. ಮಲ್ಗವ್ನೆ, ಮಲ್ಗಲಿ."

ಬಟ್ಟೆಯನ್ನು ಬಿಚ್ಚಿದರು. ಕೈಮಗ್ಗದ್ದು, ದಪ್ಪ ನೂಲು, ಒಂದು ತುದಿಯಲ್ಲಿ ಎಳೆಗಳು ಹಾಗೇ ಇಳಿದಿದ್ದವು. ಅದು ಪೆಟ್ಟಿಗೆಗಿಂತ ಉದ್ದವಾಗಿತ್ತು, ನೆಲಕ್ಕೆ ಬೀಳುತ್ತಿತ್ತು. ದೊಡ್ಡಪ್ಪ ಬಗ್ಗಿ ಅಂಚನ್ನು ಹಲ್ಲಿನಿಂದ ಕಚ್ಚಿ, ಎರಡೂ ಕೈಯಲ್ಲಿ ಹಿಡಿದು ಹರಿದರು. ಆ ಸದ್ದಿಗೆ ನಾನು ತಲೆ ಎತ್ತಿದೆ. ನೇರವಾಗಿ ಹೋಯಿತು. ಮುಚ್ಚಳದ ಮೇಲೆ ಹೊದಿಸಿ, ತಲೆಯ ಕಡೆ ಎರಡು ಸಲ ಸವರಿದರು, ಜ್ವರ ಬಂದ ಮಗುವಿಗೆ ಹೊದಿಸಿದ ಹಾಗೆ. ಆಮೇಲೆ ಇಳಿಸಿದರು. ಮೊದಲ ಹಿಡಿ ಮಣ್ಣು ಬಿದ್ದಾಗ ಬಿಳುಪು ಕಾಣುತ್ತಿತ್ತು, ಸ್ವಲ್ಪ ಹೊತ್ತಿಗೆ ಕಾಣಲಿಲ್ಲ.

ಮನೆಗೆ ಬನ್ನಿ, ಕಾಫಿಯಾದರೂ ಕುಡಿದು ಹೋಗಿ ಎಂದು ಅಮ್ಮ ಕರೆದಳು. ಇನ್ನೊಂದು ದಿನ ಬರುತ್ತೇನೆ ಎಂದು ದೊಡ್ಡಪ್ಪ ತೋಟದ ಗೇಟಿನಿಂದಲೇ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅವರ ಚಪ್ಪಲಿ ಬೇವಿನ ಮರದ ಕೆಳಗೇ ಉಳಿದಿತ್ತು. ಸಂಜೆ ಮಳೆಯಲ್ಲಿ ನಾನು ಹೋಗಿ ತಂದೆ. ಈಗಲೂ ನಮ್ಮ ಮನೆಯ ಬಾಗಿಲ ಪಕ್ಕದಲ್ಲಿದೆ. ಅವರು ಇನ್ನೂ ಬಂದಿಲ್ಲ.

ಅಪ್ಪನ ಸೇವೆಯನ್ನು ನೀನು ಮುಂದುವರಿಸುತ್ತೀಯಾ ಎಂದು ಚರ್ಚಿನವರು ಕೇಳಿದರು. ಈಗ ಅವರು ಅಂಗಡಿಯಿಂದ ಹೊಳೆಯುವ ಸ್ಯಾಟಿನ್ ತರಿಸುತ್ತಾರೆ, ಗಮ್ ಹಾಕಿ ಅಂಟಿಸುತ್ತಾರೆ. ಗೋಡೌನಿನಲ್ಲಿ ಅಪ್ಪ ಅರ್ಧ ಹರಿದಿಟ್ಟ ಥಾನು ಹಾಗೇ ಇದೆ. ಅದರ ಮೇಲೆ ಧೂಳು ಬೀಳದಂತೆ ಇನ್ನೊಂದು ಬಟ್ಟೆ ಮುಚ್ಚಿದ್ದೇನೆ.

ಒಂದನ್ನು ಮಾತ್ರ ಮಾಡುತ್ತೇನೆ. ನಮ್ಮ ಕಡೆ ಯಾರ ಮನೆಯಲ್ಲಿ ಸಾವಾದರೂ, ಆ ಮನೆಯ ಒಳಗೆ ಹೋಗುವ ಮುಂಚೆ ಬೀದಿಯ ಎರಡು ತುದಿಗೂ ನಡೆದು ನೋಡಿ ಬರುತ್ತೇನೆ. ಇಲ್ಲಿಯವರೆಗೆ ಯಾರೂ ನಿಂತಿರಲಿಲ್ಲ.