ಯಾರ ಗಾಡಿಯನ್ನೂ ಹತ್ತದ ಓಂಕಾರಪ್ಪ ಸಾರ್

ತರೀಕೆರೆಯ ಪೇಟೆಯಲ್ಲಿ ಓಂಕಾರಪ್ಪ ಸಾರ್ ಬರುವುದಕ್ಕೆ ಮೊದಲು ಅವರ ಕೋಲು ಬರುತ್ತಿತ್ತು. ಕೆಂಪು ಬಿಳಿ ಪಟ್ಟಿ ಬಳಿದ, ಆಳಿಗಿಂತ ಉದ್ದದ ಎರಡು ಸರ್ವೆ ಕೋಲುಗಳನ್ನು ಅವರು ಸೈಕಲ್ಲಿನ ಅಡ್ಡಕಂಬಿಗೆ ಹಳೇ ಟ್ಯೂಬಿನ ತುಂಡುಗಳಿಂದ ಬಿಗಿಯುತ್ತಿದ್ದರು. ಒಂದು ತುದಿ ಹ್ಯಾಂಡಲ್ ದಾಟಿ ಮುಂದೆ, ಇನ್ನೊಂದು ತುದಿ ಕ್ಯಾರಿಯರ್ ದಾಟಿ ಹಿಂದೆ. ತಿರುವು ಬಂದರೆ ಹೂವಿನವರು ಬುಟ್ಟಿ ಒಳಗೆಳೆದುಕೊಳ್ಳುತ್ತಿದ್ದರು. ಬಾಳೆಹಣ್ಣಿನ ಗಾಡಿಯವನು "ಏಯ್, ಕೋಲು! ಕೋಲು ಬಂತು!" ಎಂದು ದಾರಿಹೋಕರನ್ನೆಲ್ಲ ಎಚ್ಚರಿಸುತ್ತಿದ್ದ. ಸಾರ್ ಬೆಲ್ ಹೊಡೆದದ್ದನ್ನು ನಾನು ಕೇಳಿಲ್ಲ. ಕ್ಯಾರಿಯರಿನ ಗೋಣಿಚೀಲದಲ್ಲಿ ಮಡಿಸಿಟ್ಟ ಕಬ್ಬಿಣದ ಅಳತೆ ಸರಪಣಿ, ನಮ್ಮ ಬಾಯಲ್ಲಿ ಚೈನು, ಪ್ರತಿ ಗುಂಡಿಗೂ ಝಲ್ಲೆನ್ನುತ್ತಿತ್ತು. ಬೆಲ್ಲಿಗಿಂತ ಅದೇ ಜೋರು.

ಅವರು ಸರ್ಕಾರಿ ಸರ್ವೆಯರ್. ಜಮೀನು ಅಳೆದು, ಗಡಿ ಗುರುತಿಸಿ, ಬಾಂದುಕಲ್ಲು ಎಲ್ಲಿರಬೇಕೆಂದು ಹೇಳುವ ಕೆಲಸ. ಕೆಲಸಕ್ಕೆ ಸೇರಿದ ದಿನದಿಂದ ಅವರು ಹೊಲಗಳಿಗೆ ಹೋದದ್ದು ಆ ಸೈಕಲ್ಲಿನಲ್ಲೇ. ಆಫೀಸಿನವರೆಲ್ಲ ಅದಕ್ಕೆ ಜೀಪು ಎಂದೇ ಹೆಸರಿಟ್ಟಿದ್ದರು. "ಓಂಕಾರಪ್ಪೋರ ಜೀಪು ಬಂತು ಕಣ್ರೋ" ಎಂದು ಯಾರಾದರೂ ಅಂದರೆ ಸಾರ್ ನಗುತ್ತಲೇ ಅದನ್ನು ಆಫೀಸಿನ ಅಂಗಳದ ಹೊಂಗೆ ಮರಕ್ಕೆ ಒರಗಿಸಿ, "ಡ್ರೈವರ್ ರಜಾ ಕಣಪ್ಪಾ, ನಾನೇ ಓಡಿಸ್ಕಂಡು ಬಂದೆ" ಎನ್ನುತ್ತಿದ್ದರು.

ಆ ಸೈಕಲ್ಲಿಗೆ ಸಾಮಾನು ಹೇರುವುದನ್ನು ನೋಡುವುದೇ ಒಂದು ಪಾಠ. ಭಾರದ ಚೈನು ಕೆಳಗೆ, ಅದರ ಮೇಲೆ ಸುತ್ತಿಗೆ, ಹಗ್ಗ. ಹಳೇ ನಕ್ಷೆಗಳ ನಕಲನ್ನು ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹ್ಯಾಂಡಲಿಗೆ ನೇತುಹಾಕಬೇಕು. ಪಕ್ಕದಲ್ಲಿ ನೀರಿನ ಬಾಟಲು, ಕೊಡೆ, ಎರಡು ರೊಟ್ಟಿ ಚಟ್ನಿಪುಡಿಯ ಡಬ್ಬಿ. ಕೋಲು ಕಟ್ಟಿದ ಮೇಲೆ ಮೊಣಕಾಲು ಅಗಲಿಸಿಯೇ ಪೆಡಲ್ ತುಳಿಯಬೇಕು. ಆ ಭಂಗಿ ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ ಸೈಕಲ್ ಇಳಿದ ಮೇಲೂ ಸ್ವಲ್ಪ ಹೊತ್ತು ಹಾಗೇ ನಡೆಯುತ್ತಿದ್ದರು.

ನಾನು ಕಡೂರಿನವಳು. ಇಪ್ಪತ್ನಾಲ್ಕನೇ ವಯಸ್ಸಿಗೆ ಸರ್ವೆಯರ್ ಆಗಿ ತರೀಕೆರೆಗೆ ಬಂದೆ. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ, ಜಂಬಕ್ಕೇನೂ ಕಡಿಮೆಯಿರಲಿಲ್ಲ. ಊರೂರಿನವರು ಬೈಕು, ಕಾರು ತಂದು ಬಾಗಿಲಲ್ಲಿ ನಿಲ್ಲಿಸಿ "ಬನ್ನಿ" ಎನ್ನುವಾಗ ಈ ಮುದುಕ ಯಾಕಪ್ಪಾ ಹೀಗೆ ಬೆವರು ಸುರಿಸುತ್ತಾರೆ ಎಂದು ನನಗೆ ಸಿಟ್ಟೇ ಬರುತ್ತಿತ್ತು. ಒಂದು ದಿನ ಕೇಳಿಯೂ ಬಿಟ್ಟೆ.

"ಶೋಭಮ್ಮ," ಎಂದರು, ಕ್ಯಾರಿಯರಿಗೆ ಟ್ಯೂಬು ಬಿಗಿಯುತ್ತ. "ಅಳತೆ ಮಾಡೋ ಕಡೆ ಇಬ್ರು ಇರ್ತಾರೆ. ಒಬ್ನು ಅರ್ಜಿ ಕೊಟ್ಟೋನು, ಇನ್ನೊಬ್ನು ಪಕ್ಕದ ಹೊಲದೋನು. ಒಬ್ನ ಗಾಡಿ ಹತ್ತಿದ್ರೆ ಇನ್ನೊಬ್ನ ಹೊಟ್ಟೇಲಿ ಅಲ್ಲೇ ಒಂದು ಕಲ್ಲು ನೆಟ್ಟಂಗೆ. ಆ ಕಲ್ಲು ಕೀಳೋಕೆ ನನ್ ಕೈಲಾಗಲ್ಲ."

ಅದು ಬರೀ ಗಾಡಿಗೆ ಸಂಬಂಧಿಸಿದ ನೇಮವಲ್ಲ ಎಂದು ಜೊತೆಗೆ ಹೋದಾಗ ತಿಳಿಯಿತು. ಯಾರ ಮನೆಯ ಟೀಯನ್ನೂ ಕುಡಿಯುತ್ತಿರಲಿಲ್ಲ. ಎಳನೀರು ಕೆತ್ತಿ ಕೈಗೇ ಕೊಟ್ಟರೂ "ಶೀತ ಆಯ್ತದೆ" ಎಂದು ಹಿಂದಿರುಗಿಸುತ್ತಿದ್ದರು. ಇದೆಲ್ಲ ಹೋಗಲಿ, ಮಧ್ಯಾಹ್ನ ಊಟಕ್ಕೆ ಮರದ ನೆರಳಿಗೂ ಹೋಗರು! ಈ ಮರ ಇವನದು, ಆ ಮರ ಅವನದು. ರಸ್ತೆ ಬದಿಯಲ್ಲಿ ಸೈಕಲ್ ನಿಲ್ಲಿಸಿ, ಹ್ಯಾಂಡಲಿಗೆ ಕೊಡೆ ಕಟ್ಟಿ, ಆ ಅಂಗೈಯಗಲ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದರು. ಎರಡೂ ಪಾರ್ಟಿಯವರು ತಮ್ಮ ತಮ್ಮ ಮರದಡಿ ತಣ್ಣಗೆ ಕೂತು ಅವರನ್ನೇ ನೋಡುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು.

ಒಮ್ಮೆ ಲಕ್ಕವಳ್ಳಿ ರಸ್ತೆಯಲ್ಲಿ ಜಮೀನುದಾರರೊಬ್ಬರು ಕಾರನ್ನು ಇವರ ಸೈಕಲ್ಲಿನ ಪಕ್ಕಕ್ಕೇ ತಂದು, ಕಿಟಕಿಯಿಂದ ತಲೆ ಹೊರಹಾಕಿ ಕರೆಯುತ್ತ ಬಂದರಂತೆ. ಸಾರ್ ಇಳಿಯಲಿಲ್ಲ, ಕಾರೂ ಮುಂದೆ ಹೋಗಲಿಲ್ಲ. ಎರಡೂ ಜೊತೆಜೊತೆಗೆ ಸಾಗಿದವು. ದಾರಿಯುದ್ದಕ್ಕೂ ಇಬ್ಬರೂ ಮಳೆ, ಬೆಳೆ, ಮಕ್ಕಳ ಓದು ಎಲ್ಲ ಮಾತಾಡಿದರಂತೆ. "ಒಳ್ಳೇ ಮನುಷ್ಯ ಕಣಮ್ಮ," ಎಂದು ಸಾರ್ ಆಮೇಲೆ ಹೇಳಿದರು. "ಪಾಪ, ಕಾರಿನ ಇಂಜಿನ್ನೇ ಕಾದುಹೋಯ್ತು."

ಇಂಥವರ ಪಕ್ಕದ ಮೇಜಿನಲ್ಲಿ ಕೂತೂ ನಾನು ಬುದ್ಧಿ ಕಲಿಯಲಿಲ್ಲ. ಅಜ್ಜಂಪುರದ ಕಡೆಯ ಒಂದು ಹಳ್ಳಿಯಿಂದ ಗಂಗಮ್ಮ ಎಂಬುವರು ಗಡಿ ಗುರುತಿಸಿಕೊಡಿ ಎಂದು ಅರ್ಜಿ ಕೊಟ್ಟಿದ್ದರು. ಪಕ್ಕದ ಹೊಲದ ಮರುಳಪ್ಪ ಬದು ಸರಿಸಿ ಬೇಲಿ ಹಾಕಿದ್ದರಿಂದ ಅವರ ಹೊಲಕ್ಕೆ ಗಾಡಿ ಹೋಗುವ ದಾರಿಯೇ ಮುಚ್ಚಿಹೋಗಿತ್ತು. ಬೆಳೆದ ಈರುಳ್ಳಿಯನ್ನೆಲ್ಲ ತಲೆಯ ಮೇಲೆ ಹೊತ್ತೇ ರಸ್ತೆಗೆ ಸಾಗಿಸಬೇಕಿತ್ತು. ಅಳತೆಯ ದಿನ ಗಂಗಮ್ಮನ ಮಗ ಬೈಕು ತಂದ. ಬಿಸಿಲು ಬೇರೆ. ಹತ್ತಿ ಕೂತೆ.

ಅಳತೆ ಸರಿಯಾಗಿಯೇ ಮಾಡಿದೆ, ನನ್ನಾಣೆ. ಎರಡೆರಡು ಸಲ ಚೈನು ಎಳೆದೆ. ಗಡಿ ಮೂಲೆ ಮರುಳಪ್ಪನ ಬೇಲಿಯಿಂದ ಬಹಳ ಒಳಗೆ ಬಿತ್ತು. ಅಲ್ಲಿ ಜಾಲಿ ಗೂಟವೊಂದನ್ನು ಹೊಡೆಸಿದೆ. ಮರುಳಪ್ಪ ಆಜಾನುಬಾಹು, ಕೋಪಿಷ್ಠ. ನೇರ ಬಂದು ಗೂಟಕ್ಕೆ ಒದ್ದ. ಅದು ಲಟಕ್ಕೆಂದು ಮುರಿದು ಹಾರಿತು.

"ನೀವು ಬಂದಿದ್ದು ಯಾರ ಬೈಕಲ್ಲಿ ಮೇಡಮ್?" ಎಂದ. "ಅವ್ರ ಬೈಕಲ್ಲಿ ಬಂದೋರು ಅವ್ರ ಕಡೆಗಲ್ದೆ ನನ್ ಕಡೆಗೆ ಅಳೀತೀರಾ?"

ಮಹಜರಿಗೆ ಅವನು ಸಹಿ ಹಾಕಲಿಲ್ಲ. ಒಂದು ವಾರದೊಳಗೆ ನನ್ನ ಮೇಲೆ ದೂರು ಹೋಯಿತು, ಪಕ್ಷಪಾತ ಮಾಡಿ ಸುಳ್ಳು ಅಳತೆ ಕೊಟ್ಟಿದ್ದಾಳೆ ಎಂದು. ಮೇಲಧಿಕಾರಿಗಳು ಕರೆಸಿ, ಓಂಕಾರಪ್ಪನವರು ಮರು ಅಳತೆ ಮಾಡುತ್ತಾರೆ, ಅದರಲ್ಲಿ ವ್ಯತ್ಯಾಸ ಬಂದರೆ ನಿಮ್ಮ ಪ್ರೊಬೇಷನ್ ವಿಷಯ ಯೋಚಿಸಬೇಕಾಗುತ್ತದೆ ಎಂದರು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ನನ್ನ ನಕ್ಷೆ ಹಿಡಿದುಕೊಂಡು ಸಾರ್ ಹತ್ತಿರ ಓಡಿದೆ.

ಅವರು ಅದನ್ನು ಮುಟ್ಟಲೂ ಇಲ್ಲ. "ಮುಚ್ಚಿಡು. ನೋಡಿದ್ರೆ ನನ್ ಕಣ್ಣು ನಿನ್ ಅಂಕೀನೇ ಹುಡುಕ್ತದೆ."

"ಸಾರ್, ನನ್ನ ಕೆಲಸ ಹೋಗುತ್ತೆ."

"ಅಳತೆ ಸರಿಯಾಗಿ ಮಾಡಿದೀಯಾ?"

"ಮಾಡಿದೀನಿ."

"ಹಂಗಾದ್ರೆ ಯಾಕೆ ಹೆದರ್ತೀಯ? ಬುಧವಾರ ಬಾ. ಬಸ್ಸಲ್ಲಿ ಬಾ, ತಿಳೀತಾ? ಬಸ್ಸು ಯಾರಪ್ಪಂದೂ ಅಲ್ಲ."

ಮಂಗಳವಾರ ಅಕಾಲದ ಮಳೆ ಸುರಿಯಿತು. ಬುಧವಾರ ಬೆಳಿಗ್ಗೆ ಬಸ್ಸಿಳಿದು ಹೊಲದ ದಾರಿ ಹಿಡಿದರೆ, ಅಯ್ಯೋ, ಎರೆಮಣ್ಣು! ಆ ಕಡೆಯ ಕಪ್ಪು ಮಣ್ಣು ಒದ್ದೆಯಾದರೆ ಕಾಲು ಬಿಡುವುದಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲವರೆಗೂ ಕೆಸರು ಮಾಡಿಕೊಂಡು ಹೊಲ ಮುಟ್ಟಿದೆ. ಪುಣ್ಯಕ್ಕೆ ಹೊಲ ಸ್ವಲ್ಪ ದಿಣ್ಣೆಯ ಮೇಲಿತ್ತು, ಅಲ್ಲಿನ ನೆಲ ಕಲ್ಲುಹರಳಿನ ಗರಸು, ನೀರು ನಿಂತಿರಲಿಲ್ಲ. ಮರುಳಪ್ಪ, ಗಂಗಮ್ಮ, ಅವರ ಮಗ, ಊರಿನ ಹತ್ತಾರು ಜನ ಆಗಲೇ ಸೇರಿದ್ದರು. ನನ್ನ ಗೂಟ ಇದ್ದ ಜಾಗದ ಗುರುತೂ ಸಿಗದಂತೆ ಮರುಳಪ್ಪ ಕುಂಟೆ ಹೊಡೆಸಿದ್ದ. ಗಂಟೆ ಹತ್ತಾಯಿತು, ಹತ್ತೂವರೆಯಾಯಿತು. ಸಾರ್ ಪತ್ತೆಯಿಲ್ಲ.

ದೂರದಲ್ಲಿ ಕೆಂಪು ಬಿಳಿ ಕಂಡಿತು.

ಕೆಸರು ಎರಡೂ ಮಡ್‌ಗಾರ್ಡಿಗೆ ಮೆತ್ತಿಕೊಂಡು ಚಕ್ರಗಳು ತಿರುಗುವುದನ್ನೇ ನಿಲ್ಲಿಸಿದ್ದವು. ಸಾರ್ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಐವತ್ತು ಹೆಜ್ಜೆ ಬಂದರು. ಅದನ್ನು ಮಲಗಿಸಿ ಹಿಂದಕ್ಕೆ ಹೋದರು. ಚೈನಿನ ಚೀಲ, ಕೋಲು, ನಕ್ಷೆಯ ಕಟ್ಟು ಹೊತ್ತು ಮತ್ತೆ ಬಂದರು. ಆಮೇಲೆ ಪುನಃ ಸೈಕಲ್ಲು. ಹೀಗೆ ಪ್ರತಿ ಹೆಜ್ಜೆಯನ್ನೂ ಮೂರು ಸಲ ನಡೆಯುತ್ತ ಬರುತ್ತಿದ್ದರು, ನಿವೃತ್ತಿಗೆ ಒಂದು ವರ್ಷವಿದ್ದ ಮನುಷ್ಯ!

ಗಂಗಮ್ಮನ ಮಗ ಬೇಲಿಯಾಚೆ ದಾರಿಯಲ್ಲಿ ನಿಲ್ಲಿಸಿದ್ದ ತಮ್ಮ ಟ್ರ್ಯಾಕ್ಟರ್ ಹತ್ತಿದ. "ಲೇ, ನಿನ್ ಟ್ರ್ಯಾಕ್ಟರ್ ಹೋಗಂಗಿಲ್ಲ!" ಎಂದು ಮರುಳಪ್ಪ ಗುಡುಗಿ ತನ್ನದನ್ನು ಚಾಲೂ ಮಾಡಿದ. "ಅವ್ರು ಹೋದ್ರೆ ನಾವೂ ಹೋಗದೇಯ" ಎಂದರು ಗಂಗಮ್ಮ. ಎರಡು ಟ್ರ್ಯಾಕ್ಟರುಗಳೂ ಭರ್ರೆಂದು ಹೋಗಿ ಸಾರ್ ಎಡಬಲಕ್ಕೆ ನಿಂತವು. ಇಬ್ಬರೂ ಕೈ ಮುಗಿದು ಕರೆಯುತ್ತಿದ್ದದ್ದು ನಮಗೆ ಕಾಣುತ್ತಿತ್ತು. ಸಾರ್ ತಲೆಯಾಡಿಸಿದರು, ಸೈಕಲ್ಲನ್ನು ಹೆಗಲಿಗೇರಿಸಿಕೊಂಡರು, ನಡೆದರು. ಮಧ್ಯದಲ್ಲಿ ಸೈಕಲ್ ಹೊತ್ತ ಓಂಕಾರಪ್ಪ ಸಾರ್, ಆಚೀಚೆ ಅವರ ನಡಿಗೆಯ ವೇಗದಲ್ಲೇ ಗುರುಗುಡುತ್ತ ಬರುವ ಎರಡು ಟ್ರ್ಯಾಕ್ಟರು. ಜನ ಮೊದಲು ನಕ್ಕರು. ಸಾರ್ ಹತ್ತಿರ ಬಂದಂತೆ ಬದಿಗೆ ಸರಿದು ದಾರಿ ಮಾಡಿದರು. ಮುಂದೆ ನಿಂತಿದ್ದ ಅಜ್ಜರೊಬ್ಬರು ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಸಾರ್ ಕಾಲಿನ ಮಣ್ಣನ್ನು ಕಡ್ಡಿಯಿಂದ ಕೆರೆದು, ತಮ್ಮ ಬಾಟಲಿನ ನೀರು ಕುಡಿದು, ಕೆಲಸ ಶುರುಮಾಡಿದರು. ಚೈನಿನ ಒಂದು ತುದಿಯನ್ನು ಗಂಗಮ್ಮನ ಮಗನಿಗೆ ಕೊಟ್ಟರು, ಇನ್ನೊಂದನ್ನು ಮರುಳಪ್ಪನಿಗೆ. "ಇಬ್ರೂ ಬಿಗಿಯಾಗಿ ಹಿಡೀರಿ. ಯಾರು ಸಡ್ಲ ಬಿಟ್ರೂ ನಂಗೆ ಗೊತ್ತಾಯ್ತದೆ." ಹಳೇ ಕಲ್ಲುಗಳಿಂದ ಲೆಕ್ಕ ಹಿಡಿದು, ಕೋಲು ನೆಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತ, ಬರೆದುಕೊಳ್ಳುತ್ತ ಹೋದರು. ನಾನು ಬದುವಿನ ಮೇಲೆ ನಿಂತಿದ್ದೆ. ನನ್ನ ಜಾಗ ಯಾವುದೆಂದು ಕುಂಟೆ ಹೊಡೆದ ಆ ನೆಲದಲ್ಲಿ ನನಗೇ ಗುರುತು ಸಿಗುತ್ತಿರಲಿಲ್ಲ. ಒಂದು ಮೊಳ ಆಚೀಚೆ ಆದರೂ ನನ್ನ ಕಥೆ ಮುಗಿಯಿತು ಎಂದುಕೊಂಡು ದೇವರನ್ನೆಲ್ಲ ನೆನೆಯುತ್ತಿದ್ದೆ.

ಕೊನೆಗೆ ಸಾರ್ ನಿಂತು, ಕೋಲಿನ ತುದಿಯನ್ನು ನೆಲಕ್ಕೂರಿದರು. "ಮರುಳಪ್ಪೋರೆ, ಹಾರೆ ತಗಳಿ. ಇಲ್ಲಿ ಅಗೀರಿ."

"ನಾನಾ?"

"ನೀವೇ. ಬ್ಯಾರೆಯೋರು ಅಗೆದ್ರೆ ನಿಮ್ಗೆ ನಂಬ್ಕೆ ಬರಲ್ಲ."

ಮರುಳಪ್ಪ ಹಾರೆ ಹಾಕಿದ. ಒಂದು ಗೇಣು ಹೋದ ಮೇಲೆ ಏನೋ ತಗುಲಿತು. ಬಗ್ಗಿ ಕೈಹಾಕಿ ಎಳೆದ. ಚೂಪು ಮಾಡಿದ ಜಾಲಿ ತುಂಡು! ಅವನೇ ಒದ್ದು ಮುರಿದ ನನ್ನ ಗೂಟದ ಬುಡ, ಹೊಡೆದ ಜಾಗದಲ್ಲೇ ಕೂತಿತ್ತು. ನನಗೆ ಕೂಗಬೇಕೆನ್ನಿಸಿತು, ಬಾಯಿಗೆ ಸೆರಗು ಹಿಡಿದುಕೊಂಡೆ. ಗೂಟ ಕಂಡ ಸಾರ್ ನನ್ನ ಕಡೆ ತಿರುಗಲೂ ಇಲ್ಲ. "ಇನ್ನೂ ಅಗೀರಿ" ಎಂದರು. ಮತ್ತೊಂದು ಮೊಳಕ್ಕೆ ಹಾರೆ ಠಣ್ಣೆಂದಿತು. ಮಣ್ಣು ಬಿಡಿಸಿದರೆ ಮರುಳಪ್ಪನ ತಾತನ ಕಾಲದ ಬಾಂದುಕಲ್ಲು, ತಲೆಯ ಮೇಲಿನ ಗೀಟು ಇನ್ನೂ ಅಳಿಸಿರಲಿಲ್ಲ.

ಮರುಳಪ್ಪ ಕುಕ್ಕರಗಾಲಲ್ಲಿ ಕೂತು ಗೂಟದ ತುಂಡಿನ ಮಣ್ಣು ಒರೆಸಿ ಕಲ್ಲಿನ ಮೇಲಿಟ್ಟ. ಆಮೇಲೆ ಎದ್ದು, "ಎಲ್ಲಿ ಸೈನ್ ಹಾಕ್ಬೇಕು?" ಎಂದ.

ನನಗೆ ತಡೆಯಲಾಗಲಿಲ್ಲ. "ಅದೇ ಅಳತೆ ಅಲ್ವೇನ್ರೀ? ಅವತ್ತೇ ಯಾಕೆ ಒಪ್ಪಲಿಲ್ಲ?"

"ಅವತ್ತು ಅಳತೆ ಗಂಗಮ್ಮನ ಮಗನ ಬೈಕಲ್ಲಿ ಬಂದಿತ್ತು ಮೇಡಮ್," ಎಂದ ಮರುಳಪ್ಪ. "ಇವತ್ತು ಈ ಯಪ್ಪನ ಹೆಗಲ ಮ್ಯಾಲೆ ಬಂತು. ನಾನೇನು ಮಾಡ್ಲಿ, ಹೇಳಿ."

ಸಂಜೆಯೊಳಗೆ ಬೇಲಿ ಅವನೇ ಕಿತ್ತ. ದಾರಿ ಬಿಟ್ಟುಕೊಟ್ಟ. ನನ್ನ ಮೇಲಿನ ದೂರು ವಜಾ ಆಯಿತು. ಬಸ್‌ಸ್ಟಾಪಿನವರೆಗೆ ಸಾರ್ ಸೈಕಲ್ ತಳ್ಳುತ್ತ ಬಂದಾಗ ನಾನು ಥ್ಯಾಂಕ್ಸ್ ಎಂದೆ. "ನಂಗ್ಯಾಕೆ? ಅಳೆದೋಳು ನೀನು," ಎಂದರು. "ನಾನು ಸುಮ್ನೆ ಬೇರೆ ದಾರೀಲಿ ಬಂದೆ ಅಷ್ಟೆ."

ಈಗ ಆಕಾಶದ ಉಪಗ್ರಹ ನೋಡಿ ಅಳೆಯುವ ಯಂತ್ರ ಬಂದಿದೆ. ಅದನ್ನು ನಾನು ನನ್ನದೇ ಸ್ಕೂಟರಿಗೆ ಕಟ್ಟಿಕೊಂಡು ಹೋಗುತ್ತೇನೆ, ಹಳೇ ಟ್ಯೂಬಿನ ತುಂಡುಗಳಿಂದ. ಊಟದ ಡಬ್ಬಿ, ನೀರು, ಕೊಡೆ ನನ್ನವೇ. ಸಾರ್ ಸಖರಾಯಪಟ್ಟಣದ ಮಗಳ ಮನೆ ಸೇರಿದ ಮೇಲೆ ಹೊಂಗೆ ಮರದಡಿ ಅವರ ಸೈಕಲ್ಲಿನ ಜಾಗ ಖಾಲಿಯೇ ಇದೆ. ಅಲ್ಲಿ ಯಾರೂ ಗಾಡಿ ನಿಲ್ಲಿಸುವುದಿಲ್ಲ.

ಅವರ ನಿವೃತ್ತಿಯ ದಿನ ಮಾತ್ರ ಹೇಳಿಬಿಡಬೇಕು. ಹಾರ, ಶಾಲು, ಭಾಷಣ ಎಲ್ಲ ಮುಗಿಯಿತು. ಹೊರಗೆ ಬಂದರೆ ಅಂಗಳದಲ್ಲಿ ಮರುಳಪ್ಪ! ತೊಳೆದು ಮಿಂಚಿಸಿದ ಬೈಕಿಗೆ ಚೆಂಡುಹೂವಿನ ಹಾರ ಹಾಕಿ ಕಾಯುತ್ತಿದ್ದ.

"ಬನ್ನಿ ಸ್ವಾಮಿ, ಮನೆ ಮುಟ್ಟಿಸ್ತೀನಿ. ಇವತ್ತಾದ್ರೂ ಇಲ್ಲ ಅನ್ಬ್ಯಾಡಿ."

ಸಾರ್ ಒಳಗೆ ಬಗ್ಗಿ ಗೋಡೆಯ ಗಡಿಯಾರ ನೋಡಿದರು. "ಐದೂವರೆಗೆ ಇನ್ನೂ ಹನ್ನೆರಡು ನಿಮ್ಷ ಐತೆ ಕಣಪ್ಪಾ. ಅಲ್ಲೀಗಂಟ ನಾನು ಸರ್ವೆಯರ್ರು."

ಇಡೀ ಆಫೀಸು ಹನ್ನೆರಡು ನಿಮಿಷ ಅಂಗಳದಲ್ಲಿ ನಿಂತಿತು. ಯಾರೂ ಮನೆಗೆ ಹೋಗಲಿಲ್ಲ. ಐದೂವರೆ ಆಗುತ್ತಲೇ ಸಾರ್ ಶಾಲು ಸರಿಮಾಡಿಕೊಂಡು, ಬೈಕಿನ ಹಿಂದೆ ಹೋಗಿ, ಒಂದು ಕಾಲೆತ್ತಿ ಹತ್ತಿದರು. ಹತ್ತಿದವರು ಕಾಲುಗಳನ್ನು ಗಾಳಿಯಲ್ಲೇ ಅಗಲಿಸಿ ಹಿಡಿದು ಆಚೀಚೆ ನೋಡಿದರು.

"ಕಾಲು ಎಲ್ಲಿಡೋದಪ್ಪಾ?"

ಮರುಳಪ್ಪ ಇಳಿದು ಬಂದು, ಬಗ್ಗಿ, ಎರಡೂ ಕಡೆಯ ಫುಟ್‌ರೆಸ್ಟ್ ಬಿಡಿಸಿ, ಅವರ ಪಾದಗಳನ್ನು ತನ್ನ ಕೈಯಲ್ಲೇ ಹಿಡಿದು ಅವುಗಳ ಮೇಲಿಟ್ಟ. ಬೈಕು ಹೊರಟಿತು. ಸೈಕಲ್ಲನ್ನು ಮನೆ ಮುಟ್ಟಿಸುವ ಕೆಲಸ ನನ್ನದು. ಸಾರ್ ತಮ್ಮ ದುಡ್ಡಲ್ಲೇ ಮಾಡಿಸಿಕೊಂಡಿದ್ದ ಹಳೇ ಕೋಲುಗಳು, ಮನೆಗೆ ಒಯ್ಯಲೆಂದು ಕಟ್ಟಿದ್ದವು, ಹಾಗೇ ಇದ್ದವು. ನಾನು ಸೀರೆ ಎತ್ತಿ ಕಟ್ಟಿ, ಮೊಣಕಾಲು ಅಗಲಿಸಿ, ಬೈಕಿನ ಹಿಂದೆಯೇ ಪೆಡಲ್ ತುಳಿದೆ. ಪೇಟೆಯ ತಿರುವಿನಲ್ಲಿ ಹೂವಿನವರು ಬುಟ್ಟಿ ಎಳೆದುಕೊಂಡರು. ಬಾಳೆಹಣ್ಣಿನವನು ನನ್ನನ್ನೂ, ಮುಂದೆ ಬೈಕಿನಲ್ಲಿ ಕೂತ ಸಾರ್ ಅವರನ್ನೂ ನೋಡಿ ಒಂದು ಗಳಿಗೆ ಬಾಯಿ ಬಿಟ್ಟ. ಆಮೇಲೆ ಗಂಟಲು ಹರಿಯುವಂತೆ ಕೂಗಿದ.

"ಏಯ್, ದಾರಿ ಬಿಡ್ರೋ! ಕೋಲು ಬಂತು!"