ಹೂ ಕಟ್ಟುವ ಕೈಗೆ ನೆಟ್ಟಿನ ಕೆಲಸ

ಇವತ್ತು ಬೆಳಿಗ್ಗೆ ಸೊಸೆ ಅಂಗಳದಲ್ಲಿ ಬ್ಯಾಡ್ಮಿಂಟನ್ ಆಡಲೆಂದು ಹೊಸ ನೆಟ್ ತಂದು ಬಿಚ್ಚಿದಳು. ದೇವರ ಮುಂದೆ ಕೂತು ಮಲ್ಲಿಗೆ ಕಟ್ಟುತ್ತಿದ್ದ ನನ್ನ ಮೂಗಿಗೆ ನೈಲಾನ್ ವಾಸನೆ ಬಡಿಯಿತು. ಪೂಜೆಗೆ ಕೂತವಳ ಮನಸ್ಸು ಹುಣಸೂರಿನ ನಮ್ಮ ಹಳೇ ಬೀದಿಗೆ ಹೊರಟೇಹೋಯಿತು. ದೇವರು ಇಂಥದ್ದನ್ನೆಲ್ಲ ಕ್ಷಮಿಸುತ್ತಾನೆ ಅಂದುಕೊಂಡಿದ್ದೇನೆ, ನೀವೇನಂತೀರೋ.

ತೊಂಬತ್ತರ ದಶಕದ ಮಾತು. ಬೀದಿಯ ಕೊನೆಯಲ್ಲಿ ಅಕ್ರಂ ಸಾಬರ ಆಟದ ಸಾಮಾನಿನ ಅಂಗಡಿ. ನನಗೋ ಆಟವೆಂದರೆ ಚೌಕಾಬಾರವೊಂದೇ ಗೊತ್ತು. ಸಾಬರು ಪಿರಿಯಾಪಟ್ಟಣದಲ್ಲೂ ಕೆ.ಆರ್. ನಗರದಲ್ಲೂ ಅಂಗಡಿ ತೆರೆಯುತ್ತಾರಂತೆ, ವಾಲಿಬಾಲ್ ನೆಟ್ಟನ್ನು ಊರಲ್ಲೇ ಕಟ್ಟಿಸುತ್ತಾರಂತೆ ಎಂಬ ಸುದ್ದಿ ತಂದವಳು ಹೂ ಮಾರುವ ಜಯಮ್ಮ. "ಊ ಕಟ್ಟೋ ಕೈಗೆ ಅದೇನ್ ಮಹಾ ಕಣಕ್ಕಾ" ಅಂದಳು. ಮನೆಯಲ್ಲೇ ಕೂತು ನನ್ನದೇ ಅಂತ ಒಂದು ಸಂಪಾದನೆ. ಖುಷಿಗೆ ಅವತ್ತು ಅನ್ನ ಸೇರಲಿಲ್ಲ.

ಇಬ್ಬರೂ ಸೇರಿ ಒಂದು ನೆಟ್ ಕಟ್ಟಿ ಒಯ್ದೆವು. ಸಾಬರು ಅದನ್ನು ಎರಡು ಕಂಬಕ್ಕೆ ಬಿಗಿದು ಚೆಂಡು ಎಸೆದರು. ಗಂಟುಗಳು ಸರ್ರನೆ ಜಾರಿ, ಚೆಂಡು ನೆಟ್ಟಿನೊಳಗಿಂದಲೇ ಆಚೆ ಹೋಯಿತು.

"ಊವಿನ ಗಂಟು ಆಕಿದ್ದೀರಲ್ಲಮ್ಮಾ. ಮಲ್ಲಿಗೆ ಮೆತ್ತಗೆ ಕೂತ್ಕತದೆ, ಚೆಂಡು ಕೂರ್ತದಾ?"

"ಬಿಚ್ಚಿ ಕಟ್ತೀವಿ ಬುಡಿ ಸಾಬ್ರೇ. ಇದೇನ್ ಬಾಡೋಯ್ತದಾ?" ಜಯಮ್ಮ ಸೋಲುವವಳಲ್ಲ.

ಸಾಬರು ನಕ್ಕರು. ಕೆ.ಆರ್. ನಗರದಲ್ಲಿ ಅಂಗಡಿ ತೆರೆಯುವ ದಿನ ಪಂದ್ಯ ಇಟ್ಟಿದ್ದೇನೆ, ನಿಮ್ಮ ನೆಟ್ ತಡೆದರೆ ಮೂರೂ ಅಂಗಡಿಯ ಕೆಲಸ ಈ ಬೀದಿಗೇ, ಇಲ್ಲವಾದರೆ ಹೊರಗಿಂದ ತರಿಸುತ್ತೇನೆ ಅಂದರು. ಈ ಸಲ ಎರಡೆರಡು ಗಂಟು ಬಿಗಿದು ಎಳೆದೆಳೆದು ನೋಡಿದೆವು. ನಾನು ಮೂಲೆಗೊಂದು ಚಿಟಿಕೆ ಆಂಜನೇಯನ ಕುಂಕುಮವನ್ನೂ ಇಟ್ಟೆ. ಆಂಜನೇಯನಿಗಿಂತ ದೊಡ್ಡ ಆಟಗಾರ ಯಾರಿದ್ದಾರೆ ಹೇಳಿ.

ಪಂದ್ಯದ ದಿನ ಬೀದಿಯ ಹೆಂಗಸರೆಲ್ಲ ಬಸ್ಸು ಹತ್ತಿದೆವು. ಗೆದ್ದವರು ಯಾರೋ ಇವತ್ತಿಗೂ ಗೊತ್ತಿಲ್ಲ. ಮಿರ್ಲೆ ಊರಿನ ಎತ್ತರದ ಆಟಗಾರನೊಬ್ಬ ಎಗರಿ ಬಾರಿಸಿದ. ಚೆಂಡು ನೆಟ್ಟಿಗೇ ಬಡಿಯಿತು. ನಾನು ಆಂಜನೇಯನನ್ನು ನೆನೆದೆ. ನೆಟ್ ಜೋಳಿಗೆಯಂತೆ ಉಬ್ಬಿ, ಚೆಂಡನ್ನು ಮೆಲ್ಲಗೆ ನೆಲಕ್ಕಿಳಿಸಿತು. ಅವನು ತಲೆ ಚಚ್ಚಿಕೊಂಡ, ನಾವು ಚಪ್ಪಾಳೆ ತಟ್ಟಿದೆವು.

"ಯಾವ ಕಡೆಯೋರಕ್ಕಾ ನೀವು?" ಪಕ್ಕದಲ್ಲಿದ್ದವರು ಕೇಳಿದರು.

"ನೆಟ್ಟಿನ ಕಡೆಯೋರು ಕಣಪ್ಪಾ" ಅಂದಳು ಜಯಮ್ಮ.

ಆಮೇಲೆ ನಮ್ಮ ಬೀದಿಯ ಜಗಲಿಗಳ ಮೇಲೆಲ್ಲ ನೈಲಾನ್ ಉಂಡೆಗಳು. ಎಚ್.ಡಿ. ಕೋಟೆಯಲ್ಲೂ ಸಾಬರ ಅಂಗಡಿಯಾದಾಗ ಜಯಮ್ಮನ ಮಗಳು ಅಲ್ಲೇ ಕೌಂಟರಿನಲ್ಲಿ ಕೂತಳು. ನನ್ನ ಸಂಪಾದನೆಯಲ್ಲಿ ದೇವರಿಗೊಂದು ಹಿತ್ತಾಳೆ ದೀಪ ಬಂತು. ಇವತ್ತು ಉರಿಯುತ್ತಿರುವುದೂ ಅದೇ.

ನೆನಪಿನಿಂದ ಎದ್ದು ನೋಡುತ್ತೇನೆ, ಕೈಯಲ್ಲಿದ್ದ ಮಲ್ಲಿಗೆಗೆ ನೆಟ್ಟಿನ ಹಾಗೆ ಎರಡೆರಡು ಗಂಟು ಬಿಗಿದಿದ್ದೇನೆ.

"ಅತ್ತೆ, ದೇವ್ರೇನು ಚೆಂಡು ಹೊಡೀತಾನಾ?" ಈ ಕತೆ ನೂರು ಸಲ ಕೇಳಿದ ಸೊಸೆ ನಕ್ಕಳು.

"ಒಡೀಲಿ ಬುಡವ್ವಾ" ಅಂದೆ, "ತಡೀತದೆ."