ಜಗಳ ಮಾಡಲು ಬಂದ ಮಾಳವ್ವ

ಮೂರು ವಾರಗಳ ಹಿಂದೆ, ಬೆಳಿಗ್ಗೆ ಎಂಟು ಗಂಟೆಯ ಸುಮಾರಿಗೆ, ಅರವತ್ತೆರಡು ವರ್ಷದ ಒಬ್ಬ ಹೆಂಗಸು ನಮ್ಮ ಬಾತ್‌ರೂಮಿನ ಬಾಗಿಲನ್ನು ಒದ್ದು ಮುರಿದರು.

ಒಳಗೆ ನಾನಿದ್ದೆ.

ಈ ವಾರ ನಾನು ಬರೆಯುತ್ತಿದ್ದೇನೆ, ನೀವು ಓದುತ್ತಿದ್ದೀರಿ ಎಂದರೆ ಅದಕ್ಕೆ ಆ ಒದೆತವೇ ಕಾರಣ. (ಎರಡು ವಾರ ಅಂಕಣ ಏಕೆ ಬರಲಿಲ್ಲ ಎಂದು ಫೋನ್ ಮಾಡಿದವರಿಗೆಲ್ಲ ‘ಊರಲ್ಲಿರಲಿಲ್ಲ’ ಎಂದಿದ್ದೆ. ಸುಳ್ಳು. ಕ್ಷಮಿಸಿ.)

ಜಮಖಂಡಿಯಲ್ಲಿ ನಾವಿರುವುದು ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ. ಅಪಾರ್ಟ್‌ಮೆಂಟ್ ಎಂದೊಡನೆ ಲಿಫ್ಟು, ಸೆಕ್ಯುರಿಟಿ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಆರೇ ಮನೆ. ಒಂದು ಬೋರ್‌ವೆಲ್. ಗೇಟಿನ ಬಳಿ ಮಲಗುವ ನಾಯಿಯೇ ವಾಚ್‌ಮನ್. ನನ್ನವರು ಬಾಡಗಂಡಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಕಬ್ಬು ನುರಿಸುವ ಸೀಸನ್ನಿನಲ್ಲಿ ಬೆಳಿಗ್ಗೆ ಆರಕ್ಕೆಲ್ಲ ಮನೆ ಬಿಡುತ್ತಾರೆ. ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಇರುವುದು ನಾವಿಬ್ಬರೇ.

ನಮ್ಮ ಕೆಳಗಿನ ಮನೆಯಲ್ಲಿ ಮಾಳವ್ವ ಇದ್ದಾರೆ. ಮೂಲ ಸಾವಳಗಿಯವರು. ಕುರಿ, ಹೊಲ ಎಂದು ಬಾಳಿದ ಮನೆತನ. ಮಗ ಬಸ್ ಡ್ರೈವರ್, ಸೊಸೆ ಅಂಗನವಾಡಿ ಕೆಲಸಕ್ಕೆ ಹೋಗುತ್ತಾಳೆ, ಮೊಮ್ಮಗಳು ಎಂಟನೆಯ ಕ್ಲಾಸು. ಮಾಳವ್ವನದು ಗಟ್ಟಿ ಮೈ, ಗಟ್ಟಿ ದನಿ. ಮೆಟ್ಟಿಲ ಮೇಲೆ ನಿಂತು ಮಾತಾಡಿದರೆ ಮೂರೂ ಮಹಡಿಗೆ ಕೇಳಿಸುತ್ತದೆ.

ಆರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವರು ಮೊದಲ ಸಲ ನಮ್ಮ ಮನೆಯ ಬೆಲ್ ಒತ್ತಿದರು.

“ಅಕ್ಕೋರ, ನಿಮ್ಮ ಬಚ್ಚಲಾ ಸೋರಾಕತ್ತೈತ್ರಿ.”

(ಪಾಠ ಹೇಳುವ ಹೆಂಗಸರೆಲ್ಲ ನಮ್ಮ ಕಡೆ ‘ಅಕ್ಕೋರು’. ಕಾಲೇಜಾದರೂ ಅಷ್ಟೇ, ಅಂಗನವಾಡಿಯಾದರೂ ಅಷ್ಟೇ.)

“ಹೌದ್ರಿ? ತೋರಸ್ತೇನ್ರಿ” ಎಂದೆ.

ತೋರಿಸಿದೆ ಕೂಡ. ಪ್ಲಂಬರ್ ರಾಜೇಸಾಬ ಬಂದು ನೆಲ ಬಡಿದು ನೋಡಿ, “ಟೈಲ್ಸ್ ಒಡದ ನೋಡಬೇಕ್ರಿ, ಮ್ಯಾಲ ಮ್ಯಾಲ ಏನೂ ಆಗೂದಿಲ್ಲ” ಎಂದ. ಟೈಲ್ಸ್ ಒಡೆಯುವುದೆಂದರೆ ಏನೆಂದು ನಿಮಗೆ ಗೊತ್ತಲ್ಲ? ಎಂಟು ದಿನ ಧೂಳು, ಸದ್ದು, ಸ್ನಾನಕ್ಕೆ ಅಲೆದಾಟ. “ಸದ್ಯಕ್ಕ ಬಿಳಿ ಸಿಮೆಂಟ್ ತುಂಬಿ ಹೋಗಪಾ” ಎಂದೆ. ತುಂಬಿ ಹೋದ. ಒಂದು ವಾರ ನಿಂತಿತು. ಮತ್ತೆ ಬೆಲ್.

ಆಮೇಲೆ ಪರೀಕ್ಷೆ ಬಂತು. ಆಮೇಲೆ ಹಬ್ಬ. ಆಮೇಲೆ ನಾದಿನಿಯ ಮನೆಯವರು. ಪ್ರತಿ ಸಲವೂ ನನ್ನ ಬಳಿ ಒಂದು ಕಾರಣ ಇತ್ತು, ಪ್ರತಿ ಸಲವೂ ಮಾಳವ್ವ ಮೆಟ್ಟಿಲು ಹತ್ತಿ ಬರುತ್ತಿದ್ದರು. ನಿಜ ಹೇಳುತ್ತೇನೆ, ಅವರ ಚಪ್ಪಲಿಯ ಸದ್ದು ಕೇಳಿದರೆ ನಾನು ಟಿವಿ ದನಿ ಕಡಿಮೆ ಮಾಡಿ ಮನೆಯಲ್ಲಿ ಇಲ್ಲದವಳ ಹಾಗೆ ಕೂತದ್ದೂ ಉಂಟು.

ಅಷ್ಟಕ್ಕೇ ನಿಲ್ಲಲಿಲ್ಲ. ನಿಮಗೆ ನೆನಪಿರಬಹುದು, ದಸರೆಯ ಆಸುಪಾಸಿನಲ್ಲಿ ಇದೇ ಜಾಗದಲ್ಲಿ ಒಂದು ನಗೆಬರಹ ಬರೆದಿದ್ದೆ. ಎರಡು ಹನಿ ನೀರಿಗೆ ಕೃಷ್ಣೆಗೆ ಮಹಾಪೂರ ಬಂದಂತೆ ಗಲಾಟೆ ಮಾಡುವ ಕೆಳಮನೆಯ ಅಜ್ಜಿಯ ಬಗ್ಗೆ. ಹೆಸರು ಬರೆದಿರಲಿಲ್ಲ. ನೀವು ನಕ್ಕಿರಿ. ‘ನಮ್ಮ ಬಿಲ್ಡಿಂಗಿನಲ್ಲೂ ಒಬ್ಬರಿದ್ದಾರೆ’ ಎಂದು ಬರೆದು ತಿಳಿಸಿದಿರಿ. ನನಗೆ ಹೆಮ್ಮೆಯಾಗಿತ್ತು.

ಇಷ್ಟರಲ್ಲಿ ಒಂದು ಸಲವಾದರೂ ಕೆಳಗಿಳಿದು, ಅವರ ಮನೆಯೊಳಗೆ ಹೋಗಿ, ಎಷ್ಟು ಸೋರುತ್ತಿದೆ ಎಂದು ನೋಡಿದ್ದೆನೇ?

ಇಲ್ಲ.

ಆ ದಿನ ಬೆಳಿಗ್ಗೆ ಚಳಿ ಹೆಚ್ಚಿತ್ತು. ಗಾಳಿ ನುಗ್ಗುತ್ತದೆಂದು ಹಿಂದಿನ ದಿನವೇ ಬಾತ್‌ರೂಮಿನ ವೆಂಟಿಲೇಟರಿಗೆ ರಟ್ಟು ಸಿಕ್ಕಿಸಿದ್ದೆ. ನಮ್ಮದು ಗ್ಯಾಸ್ ಗೀಸರ್, ಬಾತ್‌ರೂಮಿನ ಒಳಗೇ ಇತ್ತು. ಪಾತ್ರೆ ತಿಕ್ಕುವಾಕೆ ಬರುವ ಹೊತ್ತು ಎಂದು ಮುಂಬಾಗಿಲಿಗೆ ಚಿಲಕ ಹಾಕದೆ ಸುಮ್ಮನೆ ಎಳೆದುಕೊಂಡು ಸ್ನಾನಕ್ಕೆ ಹೋದೆ.

ಬಿಸಿನೀರು ಹಿತವಾಗಿತ್ತು. ಸ್ವಲ್ಪ ತಲೆನೋವು ಬಂತು. ರಾತ್ರಿ ನಿದ್ದೆ ಕಡಿಮೆಯಾಗಿರಬೇಕು ಅಂದುಕೊಂಡೆ. ಕಾಲು ಸಡಿಲವಾದಂತೆ ಅನಿಸಿತು. ನಲ್ಲಿ ಬಂದ್ ಮಾಡಬೇಕು ಅಂದುಕೊಂಡದ್ದು ನೆನಪಿದೆ. ಮಾಡಿದ್ದು ನೆನಪಿಲ್ಲ.

ಮಾಡಿರಲಿಲ್ಲ. ನೀರು ಹರಿಯುತ್ತಲೇ ಇತ್ತು.

ಮುಂದಿನದ್ದನ್ನು ಮಾಳವ್ವನ ಬಾಯಲ್ಲೇ ಕೇಳಿ. ನನಗೂ ಅವರು ಹೇಳಿಯೇ ಗೊತ್ತು.

“ನೀವು ಜಳಕಾ ಮಾಡೂದು ಏಳೂವರಿಗೆ. ಮ್ಯಾಲಿಂದ ನೀರ ಬೀಳಾಕ ಚಾಲೂ ಆದ ಕೂಡಲೆ ನಾ ಕೆಳಗ ಬಕೀಟ ಇಡತೇನ್ರಿ. ಅರ್ಧಾ ಬಕೀಟ ಆಗೂದ್ರಾಗ ನಿಂದರತೈತಿ. ದಿನಾ ಅಷ್ಟ. ಅವತ್ತ ಬಕೀಟ ತುಂಬಿ ಹೊರಗ ಹರೀತು. ಇನ್ನೊಂದ ಇಟ್ನಿ. ಅದೂ ತುಂಬಾಕತ್ತು. ನನಗ ಸಿಟ್ಟ ನೆತ್ತಿಗೇರ್ತು ನೋಡ್ರಿ. ಖರೆ ಹೇಳತೇನಿ ಅಕ್ಕೋರ, ನಾ ಜಗಳಾ ಮಾಡಾಕ ಬಂದಿದ್ನಿ.”

ಬೆಲ್ ಒತ್ತಿದ್ದಾರೆ. ಉತ್ತರವಿಲ್ಲ. ಇನ್ನೊಮ್ಮೆ. ಇಲ್ಲ. (ಮನೆಯಲ್ಲಿದ್ದೂ ತೆರೆಯುವುದಿಲ್ಲ ಎಂಬುದು ಅವರಿಗೆ ಮೊದಲೇ ಗೊತ್ತಿತ್ತಂತೆ. ಟಿವಿ ದನಿ ಏಕಾಏಕಿ ಇಳಿದರೆ ಹೊರಗೆ ನಿಂತವರಿಗೆ ತಿಳಿಯುವುದಿಲ್ಲವೇ!) ಸಿಟ್ಟಿನಲ್ಲಿ ಬಾಗಿಲು ತಳ್ಳಿದ್ದಾರೆ. ತೆರೆದುಕೊಂಡಿದೆ. ಒಳಗೆ ಬಂದು ಬಾತ್‌ರೂಮಿನ ಬಾಗಿಲು ಬಡಿದು, “ಅಕ್ಕೋರ, ಎಷ್ಟ ನೀರ ಹಾಕ್ಕೋತೀರಿ?” ಎಂದು ಕೂಗಿದ್ದಾರೆ. ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ.

ಆಗ ಸಿಟ್ಟು ಇಳಿಯಿತಂತೆ. ಎದೆ ಧಸಕ್ ಅಂತಂತೆ.

ಪಿವಿಸಿ ಬಾಗಿಲು. ಎರಡು ಒದೆಗೆ ಚಿಲಕದ ಸಮೇತ ಒಳಗೆ ಬಿತ್ತು.

ಗ್ಯಾಸು, ವಿಷಗಾಳಿ, ಇದೊಂದೂ ಮಾಳವ್ವನಿಗೆ ಗೊತ್ತಿರಲಿಲ್ಲ. ಒಳಗೆ ಕಾಲಿಟ್ಟೊಡನೆ ಉಸಿರು ಕಟ್ಟಿದಂತಾಯಿತು, ಅಷ್ಟೇ. ನನ್ನ ಎರಡೂ ತೋಳಿನ ಕೆಳಗೆ ಕೈ ಹಾಕಿ, ಹಾಲ್ ದಾಟಿಸಿ, ಬಾಲ್ಕನಿಯ ಬಾಗಿಲವರೆಗೆ ದರದರ ಎಳೆದು ತಂದರು.

“ಅಲ್ಲಿಗೇ ಯಾಕ ತಂದ್ರಿ?” ಎಂದು ಆಮೇಲೆ ಕೇಳಿದೆ.

“ಹಟ್ಟ್ಯಾಗ ಕುರಿ ಉಸರಗಟ್ಟಿ ಬಿದ್ರ ಮೊದಲ ಗಾಳಿಗೆ ತಂದ ಹಾಕತೇವ್ರಿ. ಮನಷ್ಯಾರಿಗೇನ ಬ್ಯಾರೆ ಗಾಳಿ ಇರತೈತಿ?”

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ನಾನು ಸ್ನಾನದ ಮನೆಯಲ್ಲಿ ಬಿದ್ದವಳು. ಮೈಮೇಲೆ ಏನೂ ಇರಲಿಲ್ಲ. ಮಾಳವ್ವ ಮೊದಲು ಮಂಚದ ಮೇಲಿನ ಹಾಸು ಎಳೆದು ತಂದು ನನ್ನನ್ನು ಕುತ್ತಿಗೆಯವರೆಗೆ ಸುತ್ತಿದರು. ಆಮೇಲೆ ಬಾಲ್ಕನಿಗೆ ಹೋಗಿ ಮಂದಿಯನ್ನು ಕರೆದರು. ಅಂಥ ಗಾಬರಿಯಲ್ಲೂ ನನ್ನ ಮಾನ ನೆನಪಿಟ್ಟುಕೊಂಡ ಆ ಕೈಗಳಿಗೆ ಯಾವ ಮಾತಿನಲ್ಲಿ ಥ್ಯಾಂಕ್ಸ್ ಹೇಳುವುದು?

ನನಗೆ ಅರೆಬರೆ ಎಚ್ಚರವಾದಾಗ ಕೇಳಿಸಿದ್ದು ಅವರ ದನಿ. ಕೆನ್ನೆ ತಟ್ಟುತ್ತಿದ್ದರು.

“ಏಳ ಬೇ, ಏಳ ನಮ್ಮವ್ವಾ. ಕಣ್ಣ ತಗಿ. ಏ, ಕಣ್ಣ ತಗಿ ಬೇ.”

ಅಕ್ಕೋರು ಇರಲಿಲ್ಲ, ರೀ ಇರಲಿಲ್ಲ. ನಮ್ಮ ತಾಯಿ ಹೋದ ಮೇಲೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಎದುರುಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ಆಕ್ಸಿಜನ್ ಹಾಕಿದರು. ನನ್ನವರು ಕಾರ್ಖಾನೆಯ ಡ್ರೆಸ್ಸಿನಲ್ಲೇ ಓಡಿ ಬಂದರು. ಡಾಕ್ಟರು ಅವರಿಗೆ ವಿವರಿಸಿದ್ದು ಇಷ್ಟು: ಗಾಳಿಯಾಡದ ಜಾಗದಲ್ಲಿ ಗ್ಯಾಸ್ ಗೀಸರ್ ಉರಿದರೆ ಒಂದು ವಿಷಗಾಳಿ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಿದ್ದವರಿಗೆ ತಾವು ಬೀಳುತ್ತಿದ್ದೇವೆ ಎಂದೂ ತಿಳಿಯುವುದಿಲ್ಲ. “ಇನ್ನ ಸ್ವಲ್ಪ ತಡಾ ಆಗಿದ್ರ ನಮ್ಮ ಕೈಯಾಗ ಏನೂ ಇರ್ತಿರಲಿಲ್ಲ” ಎಂದರಂತೆ.

(ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಎದ್ದು ಹೋಗಿ, ನಿಮ್ಮ ಬಾತ್‌ರೂಮಿನ ವೆಂಟಿಲೇಟರ್ ನೋಡಿ ಬನ್ನಿ. ಗೀಸರ್ ಒಳಗಿದ್ದರೆ ಹೊರಗೆ ಹಾಕಿಸಿ. ನಾನು ಕಾಯುತ್ತೇನೆ.)

ಮೂರನೆಯ ದಿನ ಮನೆಗೆ ಬಂದೆ. ಬಂದವಳು ಮೇಲೆ ಹತ್ತಲಿಲ್ಲ. ನನ್ನವರ ಕೈ ಹಿಡಿದು ನೇರ ಮಾಳವ್ವನ ಮನೆಗೆ ಹೋದೆ. ಈ ಅಪಾರ್ಟ್‌ಮೆಂಟಿಗೆ ಬಂದ ನಾಲ್ಕು ವರ್ಷದಲ್ಲಿ ಮೊದಲ ಸಲ.

“ಮಾಳವ್ವಾರ, ಎಲ್ಲಿ ಸೋರತೈತಿ, ತೋರಸ್ರಿ.”

ಬಚ್ಚಲಿನ ಮೇಲ್ಛಾವಣಿಯ ಪ್ಲಾಸ್ಟರ್ ಒಂದು ಮೊರದಷ್ಟು ಅಗಲ ಉದುರಿತ್ತು. ಅಷ್ಟೇ ಆಗಿದ್ದರೆ ಬೇರೆ ಮಾತು. ಬಚ್ಚಲಿನ ಗೋಡೆಯ ಆಚೆ ಅವರ ದೇವರ ಜಗಲಿ. ತೇವ ಗೋಡೆಗಿಳಿದು ಆ ಕಡೆಗೂ ದಾಟಿತ್ತು. ಬೀರಪ್ಪನ ಫೋಟೋದ ಹಿಂದೆ ಕಪ್ಪು ಬೂಷ್ಟು. ಬಟ್ಟಲಲ್ಲಿದ್ದ ಭಂಡಾರ, ಅವರು ದಿನವೂ ಹಣೆಗಿಟ್ಟುಕೊಳ್ಳುವ ಅರಿಶಿನ, ತೊಯ್ದು ಹೆಂಟೆಯಾಗಿತ್ತು.

ನಾನು ಮಿಂದ ನೀರು ಅವರ ದೇವರ ಗೋಡೆಗೆ ಇಳಿಯುತ್ತಿತ್ತು. ಆರು ತಿಂಗಳು.

“ಇದನ್ನ ಯಾಕ ಹೇಳಲಿಲ್ರಿ?” ಎಂದೆ.

“ಹೇಳಿದ್ನಲ್ಲಾ, ಬಚ್ಚಲಾ ಸೋರತೈತಿ ಅಂತ. ದೇವರ ಹೆಸರ ತಗದ ನಿಮ್ಮನ್ನ ಯಾಕ ಅಂಜಿಸಬೇಕು? ಅಂವಾ ಕುರಿಗಾರರ ದೇವರು. ಮಳ್ಯಾಗ ತೊಯ್ದ ರೂಢಿ ಐತಿ ಅಂವಗ.”

ಅತ್ತುಬಿಟ್ಟೆ. ಅಳುತ್ತಲೇ ಇನ್ನೊಂದು ತಪ್ಪನ್ನೂ ಒಪ್ಪಿಕೊಂಡೆ. ಪೇಪರಿನಲ್ಲಿ ಅವರ ಬಗ್ಗೆ ಬರೆದಿದ್ದೆ, ನಗಾಡಿದ್ದೆ ಎಂದೆ.

“ಗೊತ್ತೈತ್ರಿ. ನಮ್ಮ ಮೊಮ್ಮಗಳು ಓದಿ ಹೇಳ್ಯಾಳ.” ಮಾಳವ್ವ ಸೆರಗಿನಿಂದ ನನ್ನ ಮುಖ ಒರೆಸಿದರು. “ಛಲೋ ಬರದೀರಿ. ನಾನೂ ನಕ್ಕೇನಿ. ಒಂದ ತಪ್ಪ ಮಾಡೀರಿ ನೋಡ್ರಿ. ಎರಡ ಹನಿ ಅಂದೀರಿ. ಹನಿ ಅಲ್ರಿ ಅದು, ಧಾರಿ!”

ನನ್ನವರು ನಕ್ಕರು. ನನಗೂ ಅಳುವಿನ ನಡುವೆ ನಗು ಬಂತು. ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದೇನೆ. ಇಷ್ಟು ಸರಿಯಾದ ತಿದ್ದುಪಡಿಯನ್ನು ಯಾವ ಸಂಪಾದಕರೂ ಕಳಿಸಿದ್ದಿಲ್ಲ. ಇದೋ, ತಿದ್ದಿದ್ದೇನೆ: ಧಾರೆ.

ಮರುದಿನವೇ ರಾಜೇಸಾಬನನ್ನು ಕರೆಸಿದೆವು. ಟೈಲ್ಸ್ ಒಡೆದ. ನೀರು ಹೊರಹೋಗುವ ಜಾಲರಿಯ ಕೆಳಗೆ, ಪೈಪಿನ ಜಾಯಿಂಟ್ ಬಿಟ್ಟುಕೊಂಡು ಬೆರಳು ತೂರುವಷ್ಟು ಸಂದಿಯಾಗಿತ್ತು. ಹೊಸ ಪೈಪು, ಹೊಸ ಜಾಯಿಂಟು, ಮೇಲೆ ನೀರು ಇಳಿಯದ ಹಾಗೆ ಕೆಮಿಕಲ್ಲಿನ ಲೇಪ. (ಗೀಸರೂ ಹೊರಗೆ ಹೋಯಿತು, ಹೊಸ ಬಾಗಿಲೂ ಬಂತು.) ಆಮೇಲೆ ಜಾಲರಿಯ ಬಾಯಿ ಮುಚ್ಚಿ, ನೆಲದ ತುಂಬ ನೀರು ನಿಲ್ಲಿಸಿ, ಎರಡು ದಿನ ಬಿಟ್ಟ. ಕೆಳಗೆ ಮಾಳವ್ವನೂ ನಾನೂ ದಿನಕ್ಕೆ ನಾಲ್ಕು ಸಲ ಟಾರ್ಚ್ ಹಿಡಿದು ಕತ್ತೆತ್ತಿ ನೋಡಿದೆವು. ಒಣ ಸೂರು ಇಷ್ಟು ಚೆಂದ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ರಿಪೇರಿ ನಡೆದ ಎಂಟೂ ದಿನ ನಮ್ಮ ಸ್ನಾನ ಎಲ್ಲಿ? ಕೆಳಗೇ. ಲಾಡ್ಜಿನಲ್ಲಿ ರೂಮು ಮಾಡೋಣ ಎಂದಿದ್ದರು ನನ್ನವರು. ಮಾಳವ್ವ ಅವರನ್ನು ಮೆಟ್ಟಿಲ ಮೇಲೆಯೇ ತಡೆದು ನಿಲ್ಲಿಸಿದರು. “ಸಾಹೇಬ್ರ, ನಮ್ಮ ಬಚ್ಚಲಕ್ಕೇನಾಗೈತಿ? ನಿಮ್ಮ ನೀರ ಇಷ್ಟ ದಿನಾ ಬಂದಾವು. ಈಗ ನೀವ ಬರ್ರಿ.”

ಮೊದಲ ದಿನ ನನಗಿನ್ನೂ ನಿಶ್ಶಕ್ತಿ. ತುಂಬಿದ ಚೊಂಬು ಎತ್ತಲೂ ಆಗುತ್ತಿರಲಿಲ್ಲ. ಮಾಳವ್ವ ಸ್ಟೂಲ್ ಹಾಕಿ ಕೂರಿಸಿ, ತಾವೇ ತಲೆಗೆ ನೀರು ಹೊಯ್ದರು. ಬೆನ್ನು ತಿಕ್ಕಿದರು. ನಾಚಿಕೆಯಿಂದ ಮುದುಡಿ ಕೂತವಳಿಗೆ, “ನಾ ನೋಡೂದು ಏನ ಉಳದೈತ್ರಿ?” ಎಂದು ನಕ್ಕರು. ಬಾಗಿಲಿಗೆ ಚಿಲಕ ಹಾಕಲು ಮಾತ್ರ ಬಿಡಲಿಲ್ಲ.

ಒಂದು ಯೋಚನೆ ಇನ್ನೂ ನನ್ನನ್ನು ಕಾಡುತ್ತದೆ. ಅವರು ಮೊದಲ ಸಲ ಹೇಳಿದಾಗಲೇ ರಿಪೇರಿ ಮಾಡಿಸಿದ್ದರೆ? ಆ ದಿನ ಕೆಳಗೆ ನೀರು ಬೀಳುತ್ತಿರಲಿಲ್ಲ. ಅವರು ಬರುತ್ತಿರಲಿಲ್ಲ. ಹಾಗಾದರೆ ನನ್ನ ಸೋಮಾರಿತನವೇ ನನ್ನನ್ನು ಉಳಿಸಿತೇ? ನನ್ನವರ ಹತ್ತಿರ ಹೀಗೆಂದೆ. ಅವರು ಸಿಡಿದರು. “ನಿನ್ನನ್ನ ಉಳಿಸಿದ್ದು ಸೋರಿದ ನೀರಲ್ಲ. ಬಕೀಟ ಇಟಗೊಂಡ ಅದನ್ನ ನೋಡಕೋತ ನಿಂತಾಕಿ.”

ಹೌದು. ಸೋರುವ ಮನೆಗಳ ಕೆಳಗೆ ಎಷ್ಟೋ ಜನ ಇದ್ದಾರೆ. ಬೈದು ಸುಮ್ಮನಾಗುತ್ತಾರೆ. ವಾಟ್ಸ್ಯಾಪಿನಲ್ಲಿ ಫೋಟೋ ಹಾಕುತ್ತಾರೆ. ಇವತ್ತು ನೀರು ಯಾಕೆ ನಿಲ್ಲಲಿಲ್ಲ ಎಂದು ಹತ್ತಿ ಬರುವವರು ಎಷ್ಟು ಮಂದಿ?

ಹೋದ ಸೋಮವಾರ ಮಾಳವ್ವನ ಜಗಲಿಯ ಗೋಡೆಗೆ ಹೊಸ ಪ್ಲಾಸ್ಟರ್, ಹೊಸ ಸುಣ್ಣ ಆಯಿತು. ಬೀರಪ್ಪನ ಫೋಟೋ ಮತ್ತೆ ತನ್ನ ಜಾಗಕ್ಕೆ ಬಂತು. ಹೊಸ ಭಂಡಾರವನ್ನು ಮೊದಲು ದೇವರಿಗೆ ಹಾರಿಸಿ, ಆಮೇಲೆ ನನ್ನ ಹಣೆಗೆ ಹಚ್ಚಿದರು. ಹಚ್ಚಿದವರು ಬಚ್ಚಲಿಗೆ ಹೋಗಿ ಒಣಗಿದ ಸೂರು ನೋಡುತ್ತ ನಿಂತರು. ಮುಖದಲ್ಲಿ ಏನೋ ಕಳವಳ.

“ಯಾಕ್ರಿ? ಮತ್ತ ಸೋರತೈತೇನು?”

“ಇಲ್ರಿ. ಇನ್ನ ಮ್ಯಾಲ ನೀವು ಆರಾಮ ಅದೀರೋ ಇಲ್ಲೋ, ನನಗ ಹೆಂಗ ತಿಳೀಬೇಕು?”

ಈಗ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಗಿದೆ. ದಿನವೂ ಸ್ನಾನ ಮುಗಿಸಿ ಟವೆಲ್ ಒಣಹಾಕುವಾಗ ಬಾಲ್ಕನಿಯಿಂದ ಬಗ್ಗಿ “ಮಾಳವ್ವಾರ, ಆತ್ರಿ!” ಎಂದು ಕೂಗುತ್ತೇನೆ. ಕೆಳಗಿನಿಂದ “ಹೂಂನ್ರಿ” ಎಂದು ಉತ್ತರ ಬರುತ್ತದೆ. ಮೊನ್ನೆ ಫೋನಿನಲ್ಲಿ ಮಾತಾಡುತ್ತ ಮರೆತಿದ್ದೆ. ಐದೇ ನಿಮಿಷಕ್ಕೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ನಾನೇ ಓಡಿ ಹೋಗಿ ಬಾಗಿಲು ತೆರೆದೆ, ಬೈಸಿಕೊಂಡೆ, ಚಹಾ ಮಾಡಿಕೊಟ್ಟೆ.

ಒಂದು ಬೆಳಿಗ್ಗೆ ನೀವು ಮನೆಯಿಂದ ಹೊರಗೆ ಕಾಣದಿದ್ದರೆ, ಅದು ಮೊದಲು ಯಾರಿಗೆ ಗೊತ್ತಾಗುತ್ತದೆ?